ರೊಕ್ಕ ಬಂತು, ಮಾಸ್ತರು ಬರಲಿಲ್ಲ: ಪ್ರದೇಶಗಳ ನಡುವಿನ ಅಂತರದ ಬಗ್ಗೆ ಒಂದು ಮಾತು

(ಕಲಬುರಗಿಯಲ್ಲಿ ಪದವಿ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ ಇದು. ಕೊನೆಯಲ್ಲಿ ಅವರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಎರಡು ಅಂಕಿ ಹೇಳಿಬಿಡುತ್ತೇನೆ. ರಾಜ್ಯ ಸರ್ಕಾರದ ಆರ್ಥಿಕ ಸಮೀಕ್ಷೆಯಲ್ಲಿ ಜಿಲ್ಲಾವಾರು ತಲಾ ಆದಾಯದ ಪಟ್ಟಿ ಇರುತ್ತದೆ. 2023-24ರ ಲೆಕ್ಕದಲ್ಲಿ ಬೆಂಗಳೂರು ನಗರ ಜಿಲ್ಲೆಯ ತಲಾ ಆದಾಯ ವರ್ಷಕ್ಕೆ 7 ಲಕ್ಷ ರೂಪಾಯಿ ದಾಟಿದೆ. ಪಟ್ಟಿಯ ತಳದಲ್ಲಿರುವುದು ನಾವು ಕೂತಿರುವ ಇದೇ ಕಲಬುರಗಿ. ಇಲ್ಲಿ ಅದು ಒಂದೂವರೆ ಲಕ್ಷವನ್ನೂ ಮುಟ್ಟಿಲ್ಲ. ಸುಮಾರು ಐದು ಪಟ್ಟು ಅಂತರ. ಒಂದೇ ರಾಜ್ಯ, ಒಂದೇ ಸರ್ಕಾರ, ಒಂದೇ ಭಾಷೆ, ರೈಲಿನಲ್ಲಿ ಒಂದು ರಾತ್ರಿಯ ದಾರಿ.

ಈ ಅಂಕಿಯನ್ನು ಹಾಗೇ ನಂಬಬೇಡಿ. ಜಿಲ್ಲೆಯ ಆದಾಯ ಅಂದರೆ ಆ ಜಿಲ್ಲೆಯ ನೆಲದಲ್ಲಿ ಎಷ್ಟು ಉತ್ಪಾದನೆ ಆಯಿತು ಅನ್ನುವ ಲೆಕ್ಕ. ಅಲ್ಲಿನ ಜನರ ಕೈಗೆ ಎಷ್ಟು ಬಂತು ಅನ್ನುವುದು ಬೇರೆ ಮಾತು. ರಾಯಚೂರಿನ ಶಕ್ತಿನಗರದಲ್ಲಿ 1,720 ಮೆಗಾವ್ಯಾಟ್ ಸಾಮರ್ಥ್ಯದ ಉಷ್ಣ ವಿದ್ಯುತ್ ಸ್ಥಾವರ ಇದೆ. ಹಟ್ಟಿಯಲ್ಲಿ ಚಿನ್ನದ ಗಣಿ ಇದೆ. ವಾಡಿ, ಸೇಡಂ, ಮಳಖೇಡ ಸುತ್ತ ಸಿಮೆಂಟ್ ಕಾರ್ಖಾನೆಗಳಿವೆ. ಇವುಗಳ ಉತ್ಪಾದನೆಯೆಲ್ಲ ನಮ್ಮ ಜಿಲ್ಲೆಗಳ ಲೆಕ್ಕಕ್ಕೇ ಸೇರುತ್ತದೆ. ಕರೆಂಟು ತಂತಿಯಲ್ಲಿ ಹೊರಗೆ ಹೋಗುತ್ತದೆ, ಲಾಭ ಕಂಪನಿಯ ಹೆಡ್ ಆಫೀಸಿಗೆ ಹೋಗುತ್ತದೆ, ಬೂದಿ ಮತ್ತು ಧೂಳು ಇಲ್ಲೇ ಉಳಿಯುತ್ತವೆ. ಹಾಗಾಗಿ ಇಲ್ಲಿನ ಒಂದು ಸಾಧಾರಣ ಮನೆಯ ಸ್ಥಿತಿ ಈ ಸರಾಸರಿ ತೋರಿಸುವುದಕ್ಕಿಂತ ಕೆಳಗಿದೆ ಅಂತ ನನಗೆ ಅನ್ನಿಸುತ್ತದೆ.

ದೇಶ ದೇಶಗಳ ನಡುವಿನ ಅಂತರ ಇದಕ್ಕಿಂತ ಎಷ್ಟೋ ದೊಡ್ಡದು. ಜಗತ್ತಿನ ಜನರ ಆದಾಯವನ್ನೆಲ್ಲ ಒಟ್ಟಿಗೆ ಇಟ್ಟು ಲೆಕ್ಕ ಹಾಕಿದ ಅರ್ಥಶಾಸ್ತ್ರಜ್ಞರು ಒಂದು ವಿಷಯ ಕಂಡುಕೊಂಡಿದ್ದಾರೆ. ಮನುಷ್ಯ ಮನುಷ್ಯರ ಆದಾಯದ ವ್ಯತ್ಯಾಸದಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಲು ಅವರು ಯಾವ ದೇಶದವರು ಅನ್ನುವುದೊಂದರಿಂದಲೇ ತೀರ್ಮಾನವಾಗಿಬಿಡುತ್ತದೆ. ಅವರ ದುಡಿಮೆ, ಜಾಣತನ, ಓದು ಎಲ್ಲ ಆಮೇಲೆ. ಮೊಜಾಂಬಿಕ್‌ನಲ್ಲಿ ಹುಟ್ಟಿದವರು ಜರ್ಮನಿಗೆ ಹೋಗಿ ಅದೇ ಕೆಲಸ ಮಾಡಿದರೆ ಹತ್ತಾರು ಪಟ್ಟು ಗಳಿಸಬಹುದು. ಆದರೆ ಹೋಗಲಿಕ್ಕೆ ಬಿಡುವುದಿಲ್ಲ. ನಡುವೆ ಪಾಸ್‌ಪೋರ್ಟ್, ವೀಸಾ ಇದೆ.

ದೇಶದ ಒಳಗೆ ಆ ತಡೆ ಇಲ್ಲ, ಅಲ್ವಾ? ದೇವದುರ್ಗದವರು ಬೆಂಗಳೂರಿಗೆ ಹೋಗಲು ಯಾರ ಅಪ್ಪಣೆಯೂ ಬೇಕಿಲ್ಲ. ನೀವು ಓದುವ ಪಠ್ಯಪುಸ್ತಕ ಏನು ಹೇಳುತ್ತದೆ? ಕೂಲಿ ಕಡಿಮೆ ಇರುವ ಕಡೆಯಿಂದ ಜನ ಕೂಲಿ ಜಾಸ್ತಿ ಇರುವ ಕಡೆಗೆ ಹೋಗುತ್ತಾರೆ, ಬಂಡವಾಳ ಉಲ್ಟಾ ದಿಕ್ಕಿನಲ್ಲಿ ಬರುತ್ತದೆ, ಕ್ರಮೇಣ ಎರಡೂ ಕಡೆ ಸಮ ಆಗುತ್ತದೆ ಅಂತ. ಏಕೀಕರಣವಾಗಿ ಸುಮಾರು ಎಪ್ಪತ್ತು ವರ್ಷವಾಯಿತು. ಸಮ ಆಗಿಲ್ಲ. ಯಾಕೆ ಆಗಲಿಲ್ಲ ಅನ್ನುವುದೇ ಇವತ್ತಿನ ನನ್ನ ಮಾತು.

ಗುಳೆಯಿಂದಲೇ ಶುರು ಮಾಡೋಣ. ಈ ಪದ ನಿಮಗ್ಯಾರಿಗೂ ವಿವರಿಸಬೇಕಿಲ್ಲ. ತೊಗರಿ, ಜೋಳದ ಸುಗ್ಗಿ ಮುಗಿದ ಮೇಲೆ ಊರಿನಲ್ಲಿ ಕೂಲಿ ಇರುವುದಿಲ್ಲ. ಮೇಸ್ತ್ರಿ ಮುಂಗಡ ಕೊಟ್ಟಿರುತ್ತಾನೆ. ಗಂಡ, ಹೆಂಡತಿ, ಸಣ್ಣ ಮಕ್ಕಳು ಮೂಟೆ ಕಟ್ಟಿಕೊಂಡು ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದ್ ಕಡೆ ಹೊರಡುತ್ತಾರೆ. ಮನೆಯಲ್ಲಿ ಮುದುಕರು ಉಳಿಯುತ್ತಾರೆ. ಮಳೆ ಬಿದ್ದಾಗ ವಾಪಸ್ಸು. ಇದು ಜನ ಮುಂದೆ ಬರುವ ದಾರಿಯಾಗಿದ್ದರೆ ಇಷ್ಟು ಹೊತ್ತಿಗೆ ಗುಳೆ ನಿಲ್ಲಬೇಕಿತ್ತು. ತಂದ ಹಣ ಸಾಲಕ್ಕೆ, ಮದುವೆಗೆ, ಆಸ್ಪತ್ರೆಗೆ ಹೋಗುತ್ತದೆ. ಅಪ್ಪ ಅಮ್ಮನ ಜೊತೆ ಹೋದ ಮಗು ವರ್ಷದ ನಡುವೆ ಶಾಲೆ ಬಿಟ್ಟಿರುತ್ತದೆ. ಆ ಮಗು ದೊಡ್ಡದಾದ ಮೇಲೆ ಅದೇ ಮೇಸ್ತ್ರಿಯ ಹತ್ತಿರ ಅದೇ ಕೆಲಸಕ್ಕೆ ನಿಲ್ಲುತ್ತದೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಎಷ್ಟು ಜನ ಹೀಗೆ ಹೊರಗಿದ್ದರು ಅನ್ನುವುದು ಇಡೀ ರಾಜ್ಯಕ್ಕೆ ಕಣ್ಣಾರೆ ಕಂಡಿತು.

ಇನ್ನೊಂದು ಥರದ ಹೋಗುವಿಕೆಯೂ ಇದೆ. ಅದಕ್ಕೆ ಗುಳೆ ಅನ್ನುವುದಿಲ್ಲ. ಇಲ್ಲಿ ಓದಿದ ಇಂಜಿನಿಯರು, ಡಾಕ್ಟರು, ನರ್ಸು, ಒಳ್ಳೆಯ ಮಾಸ್ತರು ಬೆಂಗಳೂರಿಗೆ ಹೋಗುತ್ತಾರೆ, ಅಲ್ಲೇ ಸೈಟು ತಗೊಳ್ಳುತ್ತಾರೆ, ಮಕ್ಕಳನ್ನು ಅಲ್ಲೇ ಓದಿಸುತ್ತಾರೆ. ಕೌಶಲ ಇಲ್ಲದವರು ಹೋಗಿ ಬರೀ ಕೈಯಲ್ಲಿ ಬರುತ್ತಾರೆ, ಕೌಶಲ ಇದ್ದವರು ಹೋಗಿ ಬರುವುದೇ ಇಲ್ಲ. ಹೀಗಿದ್ದಾಗ ಜನ ಎಷ್ಟು ಓಡಾಡಿದರೂ ಅಂತರ ಕಡಿಮೆಯಾಗುವುದು ಹೇಗೆ? ಹೋಗುವುದು ಸುಲಭವಾದಷ್ಟೂ ಇಲ್ಲಿ ಉಳಿಯುವುದು ಕಷ್ಟವಾಗುತ್ತಿದೆ.

ಈ ಭಾಗದ ಬಗ್ಗೆ ಒಂದು ಮಾತು ಆಗಾಗ ಕಿವಿಗೆ ಬೀಳುತ್ತದೆ: ಬಿಸಿಲು ಜಾಸ್ತಿ, ಮಳೆ ಇಲ್ಲ, ಜನ ಸೋಮಾರಿಗಳು. ಇದನ್ನು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಕೃಷ್ಣಾ, ಭೀಮಾ, ತುಂಗಭದ್ರಾ ಹರಿಯುವ ನೆಲ ಇದು. ಎರೆ ಮಣ್ಣು, ಸುಣ್ಣದ ಕಲ್ಲು, ಚಿನ್ನ ಎಲ್ಲ ಇದೆ. ಸುಡು ಬಿಸಿಲಿನಲ್ಲಿ ಬೆಂಗಳೂರಿನ ಫ್ಲ್ಯಾಟುಗಳಿಗೆ ಸೆಂಟ್ರಿಂಗ್ ಕಟ್ಟಿ ರೂಢಿಯಿರುವ ಜನ ಸೋಮಾರಿಗಳಲ್ಲ. ಕಾರಣವನ್ನು ಇಸವಿಗಳಲ್ಲಿ ಹುಡುಕಬೇಕು.

1902ರಲ್ಲಿ ಶಿವನಸಮುದ್ರದ ಕರೆಂಟು ಕೋಲಾರದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿ ದೀಪ ಹತ್ತಿತು. 1909ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, 1940ರಲ್ಲಿ ಎಚ್‌ಎಎಲ್. ಸ್ವಾತಂತ್ರ್ಯದ ನಂತರ ಐಟಿಐ, ಎಚ್‌ಎಂಟಿ, ಬಿಇಎಲ್. ಆಮೇಲೆ ಇಸ್ರೋ. ಐಟಿ ಕಂಪನಿಗಳು ಬೆಂಗಳೂರಿಗೆ ಬರುವ ಹೊತ್ತಿಗೆ ಅಲ್ಲಿ ಮೂರು ತಲೆಮಾರಿನ ಇಂಜಿನಿಯರುಗಳು ಇದ್ದರು. ತಂಪು ಹವೆ ನೋಡಿ ಬಂದರು ಅನ್ನುವುದು ಅರ್ಧ ಮಾತು.

ಇತ್ತ ಕಲಬುರಗಿ, ಬೀದರ್, ರಾಯಚೂರು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. 1918ರಲ್ಲಿ ಅಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಶುರುವಾಯಿತು. ಉರ್ದು ಮಾಧ್ಯಮದಲ್ಲಿ ಉನ್ನತ ಶಿಕ್ಷಣ ಕೊಟ್ಟಿದ್ದು ಆ ಕಾಲಕ್ಕೆ ದೊಡ್ಡ ಹೆಜ್ಜೆಯೇ. ಆದರೆ ಅಫಜಲಪುರದ ಕನ್ನಡದ ಹುಡುಗನಿಗೆ ಅದು ಇನ್ನೂ ದೂರದ್ದಾಯಿತು. ಭೂಮಿಯ ದೊಡ್ಡ ಪಾಲು ಜಾಗೀರುಗಳ ಮತ್ತು ನಿಜಾಮರ ಖಾಸಗಿ ಆಸ್ತಿಯ ಕೈಯಲ್ಲಿತ್ತು. ದೇಶಕ್ಕೆ ಸ್ವಾತಂತ್ರ್ಯ ಬಂದು ವರ್ಷ ಕಳೆದ ಮೇಲೆ, 1948ರ ಸೆಪ್ಟೆಂಬರ್ 17ರಂದು ಈ ಭಾಗ ಬಿಡುಗಡೆಯಾಯಿತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. 1958ರಲ್ಲಿ ಮಹಾದೇವಪ್ಪ ರಾಂಪೂರೆ ಅವರು ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಕಟ್ಟಿ ಇಂಜಿನಿಯರಿಂಗ್ ಕಾಲೇಜು ತೆರೆಯದಿದ್ದರೆ ಇನ್ನೂ ಎಷ್ಟು ತಡವಾಗುತ್ತಿತ್ತೋ. ಗುಲಬರ್ಗಾ ವಿಶ್ವವಿದ್ಯಾಲಯ ಬಂದಿದ್ದು 1980ರಲ್ಲಿ. ಮೈಸೂರಿಗೂ ನಮಗೂ 64 ವರ್ಷದ ಅಂತರ.

ಹಳೆಯದನ್ನೆಲ್ಲ ನಿಜಾಮರ ತಲೆಗೆ ಕಟ್ಟಿ ಸುಮ್ಮನಾಗಲು ಆಗುವುದಿಲ್ಲ. 1956ರ ಆಚೆಗಿನ ಲೆಕ್ಕ ನಮ್ಮದೇ. ವೀರೇಂದ್ರ ಪಾಟೀಲರು ಎರಡು ಸಲ ಮುಖ್ಯಮಂತ್ರಿ ಆದರು, ಧರಂ ಸಿಂಗ್ ಅವರೂ ಆದರು. ಇಬ್ಬರೂ ಈ ಭಾಗದವರೇ. ಹಾಗಿದ್ದೂ 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ 52 ಮುಟ್ಟಲಿಲ್ಲ. ಅದೇ ಗಣತಿಯಲ್ಲಿ ದಕ್ಷಿಣ ಕನ್ನಡ ಶೇ 88 ದಾಟಿತ್ತು. ಯಾದಗಿರಿಯ ಹೆಣ್ಣುಮಕ್ಕಳ ಸಾಕ್ಷರತೆ ಶೇ 41ರ ಆಸುಪಾಸು. ಐದು ಜನ ಹೆಣ್ಣುಮಕ್ಕಳಲ್ಲಿ ಮೂವರಿಗೆ ಬಸ್ಸಿನ ಬೋರ್ಡು ಓದಲು ಬರುತ್ತಿರಲಿಲ್ಲ ಅಂತಾಯಿತು.

ಈಗ ಅರ್ಥಶಾಸ್ತ್ರಜ್ಞ ಡಾ. ಡಿ.ಎಂ. ನಂಜುಂಡಪ್ಪ ಅವರ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತಾಡಬೇಕು. ಅರ್ಥಶಾಸ್ತ್ರ ಓದುವ ನೀವು ಅವರ ವರದಿಯನ್ನು ಕೈಯಲ್ಲಿ ಹಿಡಿದು ನೋಡಲೇಬೇಕು. ಪ್ರದೇಶಗಳ ನಡುವಿನ ಅಂತರ ಅಳೆಯಲು ಎಸ್.ಎಂ. ಕೃಷ್ಣ ಅವರ ಸರ್ಕಾರ 2000ದಲ್ಲಿ ಅವರ ನೇತೃತ್ವದಲ್ಲಿ ಒಂದು ಸಮಿತಿ ಮಾಡಿತು, 2002ರ ಜೂನ್‌ನಲ್ಲಿ ವರದಿ ಬಂತು. ಅದಕ್ಕೂ ಮುಂಚೆ ಹಿಂದುಳಿದಿರುವಿಕೆ ಅಂದರೆ ಭಾಷಣದ ವಿಷಯ, ಯಾರು ಜೋರಾಗಿ ಮಾತಾಡಿದರೆ ಅವರ ಊರು ಹಿಂದುಳಿದಿದ್ದು. ಅದನ್ನು ಅಳತೆಗೆ ತಂದವರು ಅವರು. ಜಿಲ್ಲೆಯನ್ನು ಬಿಟ್ಟು ತಾಲೂಕಿಗೆ ಇಳಿದರು. ಆಗಿದ್ದ 175 ತಾಲೂಕುಗಳನ್ನು 35 ಸೂಚ್ಯಂಕಗಳಲ್ಲಿ ಅಳೆದರು. ಕೃಷಿ, ಉದ್ಯಮ, ರಸ್ತೆ, ಬ್ಯಾಂಕು, ಶಾಲೆ, ಆಸ್ಪತ್ರೆ ಎಲ್ಲ ಅದರಲ್ಲಿ ಬಂತು. ಕೊನೆಗೆ 114 ತಾಲೂಕು ಹಿಂದುಳಿದಿವೆ ಅಂತ ಪಟ್ಟಿ ಮಾಡಿದರು. ಅದರಲ್ಲಿ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. ಆ 39ರಲ್ಲಿ 26 ಉತ್ತರ ಕರ್ನಾಟಕದಲ್ಲಿದ್ದವು. 26ರಲ್ಲಿ 21 ನಮ್ಮ ಕಲಬುರಗಿ ವಿಭಾಗದಲ್ಲೇ.

ಉಳಿದ 13 ದಕ್ಷಿಣದಲ್ಲಿದ್ದವು. ಇದನ್ನು ನಮ್ಮ ಕಡೆಯ ಭಾಷಣಗಳಲ್ಲಿ ಯಾರೂ ಹೇಳುವುದಿಲ್ಲ. ನನಗೆ ಅದು ವರದಿಯ ದೊಡ್ಡ ಗುಣವಾಗಿ ಕಾಣುತ್ತದೆ. ಬೆಂಗಳೂರಿನ ಮಗ್ಗುಲಲ್ಲೂ ಬಡತನ ಇದೆ, ಅದಕ್ಕೂ ಪಾಲು ಬೇಕು ಅಂತ ಅವರು ಲೆಕ್ಕ ಕೊಟ್ಟು ಹೇಳಿದರು. ಎಂಟು ವರ್ಷಗಳ ಯೋಜನೆ, ಒಟ್ಟು 31,000 ಕೋಟಿ ರೂಪಾಯಿ, ಅದರಲ್ಲಿ 16,000 ಕೋಟಿ ವಿಶೇಷ ಅನುದಾನ ಅಂತ ಶಿಫಾರಸು ಮಾಡಿದರು. ನಂಜುಂಡಪ್ಪ ಅವರು 2005ರಲ್ಲಿ ತೀರಿಕೊಂಡರು. ವಿಶೇಷ ಅಭಿವೃದ್ಧಿ ಯೋಜನೆ ಶುರುವಾಗಿದ್ದು 2007-08ರಲ್ಲಿ.

ಅದರ ಜೊತೆಜೊತೆಗೇ ಇನ್ನೊಂದು ಹೋರಾಟ ನಡೆದಿತ್ತು. ವೈಜನಾಥ ಪಾಟೀಲರು ಮತ್ತು ಅವರಂಥ ಹಲವರು ವರ್ಷಗಟ್ಟಲೆ ಸಂವಿಧಾನದ ವಿಶೇಷ ಸ್ಥಾನಮಾನ ಕೇಳಿದರು. ಮೊದಲ ಸಲ ದೆಹಲಿಯಿಂದ ಆಗಲ್ಲ ಅನ್ನುವ ಉತ್ತರ ಬಂತು. ಮಲ್ಲಿಕಾರ್ಜುನ ಖರ್ಗೆ ಅವರು ಕೇಂದ್ರದಲ್ಲಿದ್ದಾಗ 371ಜೆ ವಿಧಿ ಬಂತು, 2013ರಿಂದ ಜಾರಿಯಾಯಿತು. ಈ ಭಾಗದ ಕಾಲೇಜುಗಳಲ್ಲಿ ಶೇ 70 ಸೀಟು ಇಲ್ಲಿನವರಿಗೆ. ರಾಜ್ಯದ ಉಳಿದ ಕಡೆ ಶೇ 8. ಸ್ಥಳೀಯ ಸರ್ಕಾರಿ ಹುದ್ದೆಗಳಲ್ಲಿ ಎ, ಬಿ ಗುಂಪಿಗೆ ಶೇ 75, ಸಿ ಗುಂಪಿಗೆ ಶೇ 80, ಡಿ ಗುಂಪಿಗೆ ಶೇ 85. ಇದರ ಫಲ ದೊಡ್ಡದು, ಅದನ್ನು ಯಾರೂ ಸಣ್ಣದು ಮಾಡಬಾರದು. ಹತ್ತು ವರ್ಷದ ಹಿಂದೆ ಮೆಡಿಕಲ್ ಸೀಟಿನ ಕನಸನ್ನೂ ಕಾಣದ ಮನೆಗಳಲ್ಲಿ ಇವತ್ತು ಡಾಕ್ಟರುಗಳಿದ್ದಾರೆ. ಇಲ್ಲಿ ಕೂತವರಲ್ಲೇ ಎಷ್ಟು ಜನರ ಅಣ್ಣ ಅಕ್ಕಂದಿರು ಆ ಸೀಟಿನಿಂದ ಮುಂದೆ ಬಂದಿದ್ದಾರೋ!

ಜೊತೆಗೆ ಮಂಡಳಿ ಬಂತು. ಇವತ್ತಿನ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ. ಅದಕ್ಕೆ 2023-24ರಿಂದ ವರ್ಷಕ್ಕೆ 5,000 ಕೋಟಿ ರೂಪಾಯಿ ಅಂತ ಬಜೆಟ್ಟಿನಲ್ಲಿ ಇಟ್ಟಿದ್ದಾರೆ. ಅಂದರೆ ರೊಕ್ಕ ಇಲ್ಲ ಅನ್ನುವ ಕಾಲ ಹಿಂದೆ ಸರಿಯಿತು.

ಹಾಗಾದರೆ 2025ರ ಎಸ್ಸೆಸ್ಸೆಲ್ಸಿ ಫಲಿತಾಂಶ ನೋಡಿ. ದಕ್ಷಿಣ ಕನ್ನಡ ಶೇ 91, ಕಲಬುರಗಿ ಶೇ 42. ರಾಜ್ಯಕ್ಕೇ ಕೊನೆ. ಅದರ ಹಿಂದಿನ ವರ್ಷ ಕೊನೆಯಲ್ಲಿದ್ದುದು ಯಾದಗಿರಿ. ಒಂದೇ ಪ್ರಶ್ನೆ ಪತ್ರಿಕೆ, ಒಂದೇ ಸಿಲೆಬಸ್ಸು. ಮಕ್ಕಳ ಮಿದುಳು ಬೇರೆ ಏನಲ್ಲ. ಈ ಮಕ್ಕಳಿಗೆ ಗಣಿತ, ವಿಜ್ಞಾನ, ಇಂಗ್ಲಿಷ್ ಕಲಿಸುವವರು ವರ್ಷಪೂರ್ತಿ ಇರಲಿಲ್ಲ. ಸರ್ಕಾರಿ ಶಾಲೆಯಲ್ಲಿ ಖಾಲಿ ಹುದ್ದೆ, ಅತಿಥಿ ಶಿಕ್ಷಕರು, ಅವರಿಗೂ ಸಂಬಳ ತಡ. ನೇಮಕವಾಗಿ ಬಂದವರು ಎರಡು ವರ್ಷಕ್ಕೆ ವರ್ಗಾವಣೆಗೆ ಅರ್ಜಿ ಹಾಕುತ್ತಾರೆ. ಅವರನ್ನು ನಾನು ಬೈಯುವುದಿಲ್ಲ. ಅವರ ಮಗುವಿಗೂ ಒಳ್ಳೆಯ ಶಾಲೆ ಬೇಕು, ಅವರ ತಾಯಿಗೂ ಆಸ್ಪತ್ರೆ ಬೇಕು.

ಈ ರೊಕ್ಕ ಎಲ್ಲಿಗೆ ಹೋಗುತ್ತದೆ? ಹೆಚ್ಚು ಪಾಲು ಕಾಮಗಾರಿಗೆ. ರಸ್ತೆ, ಚರಂಡಿ, ಸಮುದಾಯ ಭವನ, ಕಾಂಪೌಂಡ್ ಗೋಡೆ, ಶಾಲಾ ಕೋಣೆ. ಯಾಕೆ ಅಂದರೆ ಕಾಮಗಾರಿಗೆ ಟೆಂಡರ್ ಕರೆಯಬಹುದು, ಗುತ್ತಿಗೆದಾರ ಇರುತ್ತಾನೆ, ಉದ್ಘಾಟನೆ ಇರುತ್ತದೆ, ಮಾರ್ಚ್ ಒಳಗೆ ಖರ್ಚು ತೋರಿಸಬಹುದು. ಮಾಸ್ತರ ಸಂಬಳಕ್ಕೆ ಇದ್ಯಾವುದೂ ಇಲ್ಲ. ಅದು ಪ್ರತಿ ತಿಂಗಳೂ ಕೊಡಬೇಕಾದ್ದು, ಮೂವತ್ತು ವರ್ಷ ಕೊಡಬೇಕಾದ್ದು. ಹಾಗಾಗಿ ಕೋಣೆ ಕಟ್ಟಿದ ಊರಿನಲ್ಲೇ ಮಾಸ್ತರಿಲ್ಲ, ಆಸ್ಪತ್ರೆ ಕಟ್ಟಿದ ಊರಿನಲ್ಲೇ ಡಾಕ್ಟರಿಲ್ಲ. ಮಂಡಳಿಗೂ ಇದು ಗೊತ್ತಾಗಿದೆ. ಈಚೆಗೆ ಅಕ್ಷರ ಆವಿಷ್ಕಾರ ಅಂತ ಶಿಕ್ಷಣಕ್ಕೆ ದೊಡ್ಡ ಪಾಲು ಎತ್ತಿಡುವ ಕೆಲಸ ಶುರು ಮಾಡಿದ್ದಾರೆ. ಒಳ್ಳೆಯದು. ಅದರಲ್ಲೂ ಕಟ್ಟಡಕ್ಕೆ ಎಷ್ಟು, ಕಲಿಸುವವರಿಗೆ ಎಷ್ಟು ಅಂತ ಕೇಳುತ್ತಲೇ ಇರಬೇಕು.

ಬರೀ ನಮ್ಮ ಕಥೆ ಅಂದುಕೊಳ್ಳಬೇಡಿ. ಇಟಲಿಯ ದಕ್ಷಿಣ ಭಾಗ ಉತ್ತರಕ್ಕಿಂತ ತುಂಬಾ ಬಡವಾಗಿತ್ತು. 1950ರಲ್ಲಿ ಅಲ್ಲಿನ ಸರ್ಕಾರ ದಕ್ಷಿಣಕ್ಕಾಗಿಯೇ ಒಂದು ದೊಡ್ಡ ನಿಧಿ ಮಾಡಿತು. ನಮ್ಮ ಮಂಡಳಿಯ ಹಾಗೆಯೇ ಅನ್ನಿ, ಗಾತ್ರ ಮಾತ್ರ ದೊಡ್ಡದು. ಮೊದಲು ನೀರಾವರಿ, ರಸ್ತೆ, ಭೂಸುಧಾರಣೆ ನಡೆಯಿತು. ಆಗ ಸ್ವಲ್ಪ ಅಂತರ ಇಳಿಯಿತು. ಆಮೇಲೆ ದೊಡ್ಡ ದೊಡ್ಡ ಉಕ್ಕಿನ, ರಾಸಾಯನಿಕದ ಕಾರ್ಖಾನೆ ತಂದು ಕೂರಿಸಿದರು. ಅವು ಸುತ್ತಲಿನ ಊರಿನಿಂದ ಏನೂ ಕೊಳ್ಳಲಿಲ್ಲ, ಸುತ್ತಲಿನವರಿಗೆ ಏನೂ ಕಲಿಸಲಿಲ್ಲ. ಮರುಭೂಮಿಯಲ್ಲಿ ಕಟ್ಟಿದ ದೊಡ್ಡ ಚರ್ಚುಗಳು ಅಂತ ಅಲ್ಲಿಯ ಜನ ಅವನ್ನು ಕರೆದರು. ನಿಧಿ ಬರಬರುತ್ತಾ ರಾಜಕಾರಣಿಗಳು ತಮ್ಮವರಿಗೆ ಹಂಚುವ ಗಂಟಾಯಿತು. 1984ರಲ್ಲಿ ಮುಚ್ಚಿದರು. ಇವತ್ತಿಗೂ ದಕ್ಷಿಣ ಇಟಲಿಯ ತಲಾ ಆದಾಯ ಉತ್ತರದ ಅರ್ಧಕ್ಕಿಂತ ಸ್ವಲ್ಪವೇ ಮೇಲಿದೆ.

ಬೇರೆ ಥರ ನಡೆದ ಉದಾಹರಣೆಯೂ ಇದೆ. ಯುರೋಪಿಯನ್ ಒಕ್ಕೂಟ ತನ್ನ ಬಜೆಟ್ಟಿನ ಸುಮಾರು ಮೂರನೇ ಒಂದು ಪಾಲನ್ನು ಹಿಂದುಳಿದ ಪ್ರದೇಶಗಳಿಗೆ ಇಡುತ್ತದೆ. ಒಕ್ಕೂಟದ ಸರಾಸರಿಯ ಶೇ 75ಕ್ಕಿಂತ ಕೆಳಗಿದ್ದರೆ ಆ ಪ್ರದೇಶಕ್ಕೆ ಹೆಚ್ಚಿನ ಹಣ ಸಿಗುತ್ತದೆ. ಯಾರ ಕೈಕಾಲು ಹಿಡಿಯಬೇಕಿಲ್ಲ, ಅದೊಂದು ನಿಯಮ. ಏಳು ವರ್ಷಕ್ಕೆ ಒಮ್ಮೆ ಲೆಕ್ಕ, ಖರ್ಚಾಗದಿದ್ದರೆ ವಾಪಸ್ಸು. ಪೋಲೆಂಡ್ 2004ರಲ್ಲಿ ಒಳಗೆ ಬಂದಾಗ ಬೆಲೆಗಳ ವ್ಯತ್ಯಾಸ ಸರಿಮಾಡಿ ನೋಡಿದರೂ ಅದರ ತಲಾ ಆದಾಯ ಒಕ್ಕೂಟದ ಸರಾಸರಿಯ ಅರ್ಧದಷ್ಟಿತ್ತು. ಇಪ್ಪತ್ತು ವರ್ಷದಲ್ಲಿ ಶೇ 80ರ ಹತ್ತಿರ ಬಂದಿದೆ. ಬರೀ ನಿಧಿಯಿಂದ ಆಗಿದ್ದಲ್ಲ. ಓದಿದ ಜನ ಅಲ್ಲಿ ಆಗಲೇ ಇದ್ದರು, ಪಕ್ಕದಲ್ಲೇ ಜರ್ಮನಿಯ ಮಾರುಕಟ್ಟೆ ಇತ್ತು. ಹಣ ಅದರ ಮೇಲೆ ಕೆಲಸ ಮಾಡಿತು.

ಇಲ್ಲಿ ಸರಾಸರಿಯ ಇನ್ನೊಂದು ತೊಂದರೆ ಹೇಳಬೇಕು. ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳಿಗೆ ಪಾಲು ಹಂಚುವುದು ಹಣಕಾಸು ಆಯೋಗ. 15ನೇ ಆಯೋಗದಲ್ಲಿ ಕರ್ನಾಟಕದ ಪಾಲು ಶೇ 4.71ರಿಂದ ಶೇ 3.65ಕ್ಕೆ ಇಳಿಯಿತು. ಒಂದು ಮುಖ್ಯ ಕಾರಣ, ನಮ್ಮ ರಾಜ್ಯದ ತಲಾ ಆದಾಯ ಜಾಸ್ತಿ ಅನ್ನುವುದು. ಬಡ ರಾಜ್ಯಕ್ಕೆ ಹೆಚ್ಚು ಕೊಡಬೇಕು ಅನ್ನುವ ತತ್ವ ಸರಿಯಾದದ್ದೇ. ಬಿಹಾರಕ್ಕೆ ಹೆಚ್ಚು ಹೋಗಲಿ. ಆದರೆ ಕರ್ನಾಟಕದ ಸರಾಸರಿಯನ್ನು ಎತ್ತುತ್ತಿರುವುದು ಬೆಂಗಳೂರು. ರಾಜ್ಯದ ಒಟ್ಟು ಉತ್ಪಾದನೆಯಲ್ಲಿ ಮೂರನೇ ಒಂದಕ್ಕಿಂತ ಜಾಸ್ತಿ ಆ ಒಂದು ಜಿಲ್ಲೆಯದು. ದೆಹಲಿಯಿಂದ ನೋಡಿದಾಗ ಬೆಂಗಳೂರಿನ ಹಿಂದೆ ಯಾದಗಿರಿ ಕಾಣುವುದೇ ಇಲ್ಲ. ನಮ್ಮ ಸರ್ಕಾರ ದೆಹಲಿಗೆ ಈ ಮಾತು ಗಟ್ಟಿಯಾಗಿ ಹೇಳುತ್ತಿದೆ, ಹೇಳಲೇಬೇಕು. ಅದೇ ಮಾತನ್ನು ಯಾದಗಿರಿಯವರು ಬೆಂಗಳೂರಿಗೆ ಹೇಳಿದಾಗಲೂ ಅಷ್ಟೇ ಗಟ್ಟಿಯಾಗಿ ಕೇಳಿಸಿಕೊಳ್ಳಬೇಕು.

ನಾವೂ ನಮ್ಮೊಳಗೆ ನೋಡಿಕೊಳ್ಳಬೇಕು. ತುಂಗಭದ್ರಾ ಎಡದಂಡೆ ಕಾಲುವೆಯನ್ನೇ ತಗೊಳ್ಳಿ. ಕಟ್ಟುವಾಗ ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗಳ ಲೆಕ್ಕ ಇತ್ತು, ನೀರು ದೂರದವರೆಗೆ ಹೋಗಲಿ ಅಂತ. ಗಂಗಾವತಿ, ಕಾರಟಗಿ, ಸಿಂಧನೂರಿನ ಮೇಲ್ಭಾಗದಲ್ಲಿ ಭತ್ತ ಬಂತು. ಅಲ್ಲಿ ರೈಸ್ ಮಿಲ್ಲು, ದೊಡ್ಡ ಮನೆ, ಟ್ರ್ಯಾಕ್ಟರ್ ಶೋರೂಮು ಬಂದವು. ಮಾನ್ವಿ, ಸಿರವಾರ, ರಾಯಚೂರಿನ ಕೊನೆ ಭಾಗದ ರೈತರು ನೀರಿಗಾಗಿ ಪ್ರತಿ ವರ್ಷ ರಸ್ತೆಗೆ ಇಳಿಯುತ್ತಾರೆ. ಜಲಾಶಯದಲ್ಲಿ ಹೂಳು ತುಂಬಿ 133 ಟಿಎಂಸಿ ಇದ್ದದ್ದು 105ರ ಆಸುಪಾಸಿಗೆ ಇಳಿದಿದೆ. 2024ರ ಆಗಸ್ಟ್‌ನಲ್ಲಿ 19ನೇ ಗೇಟು ಕೊಚ್ಚಿ ಹೋಯಿತು. ನೀರು ಕಡಿಮೆಯಾದಾಗಲೆಲ್ಲ ಮೊದಲು ಒಣಗುವುದು ಕೊನೆ ಭಾಗ. ಒಂದೇ ಕಾಲುವೆಯ ಮೇಲಿನ ಊರಿಗೆ ಕೂಲಿಗೆ ಜನ ಬರುತ್ತಾರೆ, ಕೆಳಗಿನ ಊರಿನಿಂದ ಜನ ಗುಳೆ ಹೋಗುತ್ತಾರೆ. ಇದಕ್ಕೆ ಬೆಂಗಳೂರನ್ನು ಬೈದು ಪ್ರಯೋಜನವಿಲ್ಲ. ಮೇಲ್ಭಾಗದಲ್ಲಿ ಬೆಳೆ ಪದ್ಧತಿ ಪಾಲಿಸುವಂತೆ ಮಾಡುವ ರಾಜಕೀಯ ಧೈರ್ಯ ಇಲ್ಲಿಯವರಿಗೇ ಬೇಕು.

ಇನ್ನು ತೊಗರಿ. ದೇಶಗಳ ನಡುವಿನ ಅಸಮಾನತೆ ಅಂದರೆ ಎಲ್ಲೋ ದೂರದ ವಿಷಯ ಅಂದುಕೊಂಡಿರುತ್ತೀರಿ. ಅದು ನಮ್ಮ ಎಪಿಎಂಸಿಗೆ ಪ್ರತಿ ವರ್ಷ ಬರುತ್ತದೆ. 2015ರಲ್ಲಿ ತೊಗರಿ ಬೇಳೆ ಬೆಲೆ ಆಕಾಶಕ್ಕೆ ಹೋಯಿತು. 2016ರಲ್ಲಿ ಭಾರತ ಮೊಜಾಂಬಿಕ್ ಜೊತೆ ಒಪ್ಪಂದ ಮಾಡಿಕೊಂಡಿತು, ವರ್ಷಕ್ಕೆ ಲಕ್ಷ ಟನ್‌ನಿಂದ ಶುರು ಮಾಡಿ ಎರಡು ಲಕ್ಷ ಟನ್ ತೊಗರಿ ತರಿಸುವುದು ಅಂತ. ಅಲ್ಲಿನ ಉತ್ತರ ಭಾಗದ ಸಣ್ಣ ರೈತರು ಭಾರತವನ್ನು ನಂಬಿ ತೊಗರಿ ಹಾಕಿದರು. ಮರುವರ್ಷ ಇಲ್ಲಿ ಭರ್ಜರಿ ಬೆಳೆ ಬಂತು, ಬೆಲೆ ಬಿತ್ತು. ಭಾರತ 2017ರ ಆಗಸ್ಟ್‌ನಲ್ಲಿ ಆಮದಿಗೆ ಮಿತಿ ಹಾಕಿತು. ಮೊಜಾಂಬಿಕ್‌ನಲ್ಲಿ ಬೆಲೆ ಪೂರ್ತಿ ಕುಸಿಯಿತು. ಅವರು ನಮಗಿಂತ ಎಷ್ಟೋ ಬಡವರು, ಜಗತ್ತಿನ ಅತಿ ಬಡ ದೇಶಗಳಲ್ಲಿ ಅದೊಂದು. 2021ರಲ್ಲಿ ಭಾರತ ಮತ್ತೆ ಬಾಗಿಲು ತೆರೆಯಿತು. 2023ರ ಕೊನೆಯಲ್ಲಿ ಕಲಬುರಗಿಯಲ್ಲಿ ಕ್ವಿಂಟಲ್‌ಗೆ ಹತ್ತು ಸಾವಿರ ದಾಟಿದ್ದ ತೊಗರಿ 2025ರ ಆರಂಭದಲ್ಲಿ ಬೆಂಬಲ ಬೆಲೆ 7,550ಕ್ಕಿಂತ ಕೆಳಗೆ ಬಂತು.

ನೋಡಿ, ಒಂದು ವರ್ಷ ಅಲ್ಲಿನ ರೈತ ಸಾಯುತ್ತಾನೆ, ಇನ್ನೊಂದು ವರ್ಷ ಇಲ್ಲಿನ ರೈತ. ಇಬ್ಬರನ್ನೂ ಎದುರಾಳಿಗಳು ಅಂತ ನೋಡಲು ನನಗೆ ಮನಸ್ಸಿಲ್ಲ. ನಗರದ ಬೇಳೆ ಬೆಲೆ ಏರಿದ ತಕ್ಷಣ ನಿಯಮ ಬದಲಾಗುತ್ತದೆ, ಬಿತ್ತಿದ ಮೇಲೆ ಬದಲಾಗುತ್ತದೆ. ಆಮದು ಎಷ್ಟು, ಸುಂಕ ಎಷ್ಟು ಅನ್ನುವುದು ಬಿತ್ತನೆಗೆ ಮುಂಚೆ, ಮೇ ತಿಂಗಳಲ್ಲೇ ಗೊತ್ತಾದರೆ ಎರಡೂ ಕಡೆಯವರು ಲೆಕ್ಕ ಹಾಕಿ ಬಿತ್ತಬಹುದು. ಇದಕ್ಕೆ ಒಂದು ರೂಪಾಯಿ ನೆರವೂ ಬೇಕಿಲ್ಲ. ಶ್ರೀಮಂತ ದೇಶಗಳು ತಮ್ಮ ಆದಾಯದ ಶೇ 0.7ರಷ್ಟನ್ನು ಬಡ ದೇಶಗಳಿಗೆ ಕೊಡಬೇಕು ಅಂತ ವಿಶ್ವಸಂಸ್ಥೆಯಲ್ಲಿ 1970ರಲ್ಲೇ ಒಪ್ಪಿದ್ದಾರೆ. ಕೊಡುವವರು ಬೆರಳೆಣಿಕೆ. ಆ ಹಣ ಬಂದರೆ ಸಂತೋಷ. ಆದರೆ ನಿಯಮ ನೆಟ್ಟಗಿದ್ದರೆ ಬಡ ರೈತನಿಗೆ ಅದಕ್ಕಿಂತ ಜಾಸ್ತಿ ಸಿಗುತ್ತದೆ.

ಹಾಗಾದರೆ ನಾನು ಏನು ಕೇಳುತ್ತಿದ್ದೇನೆ? ಮೊದಲನೆಯದು, ಈ ಭಾಗದ ವಿಶೇಷ ಹಣದಲ್ಲಿ ಅರ್ಧದಷ್ಟಾದರೂ ಮನುಷ್ಯರ ಮೇಲೆ ಖರ್ಚಾಗಬೇಕು ಅಂತ ನಿಯಮ ಆಗಲಿ. ಹಳ್ಳಿಯಲ್ಲಿ ಉಳಿಯುವ ಮಾಸ್ತರಿಗೆ, ಡಾಕ್ಟರಿಗೆ, ನರ್ಸಿಗೆ ಹೆಚ್ಚಿನ ಸಂಬಳ ಕೊಡಿ, ತಾಲೂಕು ಕೇಂದ್ರದಲ್ಲಿ ಒಳ್ಳೆಯ ಕ್ವಾರ್ಟರ್ಸ್ ಕೊಡಿ, ಐದು ವರ್ಷ ಇದ್ದವರಿಗೆ ಮುಂದೆ ಬೇಕಾದ ಕಡೆ ವರ್ಗಾವಣೆ ಕೊಡಿ. ಗುಳೆ ಹೋಗುವ ಮನೆಯ ಮಕ್ಕಳಿಗೆ ಆ ಆರು ತಿಂಗಳು ಊರಲ್ಲೇ ಹಾಸ್ಟೆಲ್ ತೆರೆಯಿರಿ. ಕಾರ್ಖಾನೆ ತಂದರೆ ಇಲ್ಲಿನ ಬೆಳೆಗೆ, ಇಲ್ಲಿನ ಕೈಗಳಿಗೆ ಹೊಂದುವಂಥದ್ದನ್ನು ತನ್ನಿ. ಒಂದು ಕಾಲಕ್ಕೆ ಕಲಬುರಗಿಯ ಎಂಎಸ್‌ಕೆ ಬಟ್ಟೆ ಮಿಲ್ಲು ಇಡೀ ಓಣಿಗಳಿಗೆ ಅನ್ನ ಕೊಟ್ಟಿತ್ತು. ಈಗ ಇಲ್ಲಿಗೆ ಜವಳಿ ಪಾರ್ಕ್ ಘೋಷಣೆ ಆಗಿದೆ. ಅದರಲ್ಲಿ ಕೆಲಸ ಮಾಡಬೇಕಾದ ಹೆಣ್ಣುಮಕ್ಕಳಿಗೆ ತರಬೇತಿ ಈಗಿನಿಂದಲೇ ಬೇಕು. ಅದಿಲ್ಲದೆ ಪಾರ್ಕ್ ತೆರೆದರೆ ಇಟಲಿಯಲ್ಲಿ ಆದದ್ದೇ ಇಲ್ಲೂ ಆಗುತ್ತದೆ. ರಾಯಚೂರಿಗೆ ಏಮ್ಸ್ ಬೇಕು ಅಂತ 2022ರಿಂದ ಜನ ಧರಣಿ ಕೂತಿದ್ದಾರೆ. ನಾನು ಅವರ ಪರ. ಐಐಟಿ ಬರುತ್ತದೆ ಅಂತ ಕಾದಿದ್ದ ಊರು ಅದು, ಐಐಟಿ ಧಾರವಾಡಕ್ಕೆ ಹೋಯಿತು. ಒಂದು ದೊಡ್ಡ ಆಸ್ಪತ್ರೆ ಬಂದರೆ ಡಾಕ್ಟರುಗಳ ಸಂಸಾರ ಬರುತ್ತದೆ, ಅವರ ಮಕ್ಕಳಿಗಾಗಿ ಶಾಲೆ ಬರುತ್ತದೆ, ನರ್ಸಿಂಗ್ ಕಲಿಯುವ ಹುಡುಗಿಯರಿಗೆ ಊರ ಪಕ್ಕದಲ್ಲೇ ಕೆಲಸ ಸಿಗುತ್ತದೆ.

ಮಾತು ಮುಗಿದ ಮೇಲೆ ಒಬ್ಬ ವಿದ್ಯಾರ್ಥಿ ಎದ್ದು ಕೇಳಿದ: "ಸರ್, ಇಷ್ಟೆಲ್ಲ ಯಾಕೆ, ಪ್ರತ್ಯೇಕ ರಾಜ್ಯ ಆದರೆ ಮುಗೀತಲ್ಲ?"

ಆ ನೋವು ನನಗೆ ಅರ್ಥವಾಗುತ್ತದೆ. ಲೆಕ್ಕ ಮಾತ್ರ ಕೂಡಿ ಬರುವುದಿಲ್ಲ. ತೆಲಂಗಾಣದ ಉದಾಹರಣೆ ಕೊಡುತ್ತಾರೆ. ಅವರು 2014ರಲ್ಲಿ ಬೇರೆಯಾದಾಗ ಹೈದರಾಬಾದ್ ಅವರ ಕಡೆ ಉಳಿಯಿತು. ನಾವು ಬೇರೆಯಾದರೆ ಬೆಂಗಳೂರು ಆ ಕಡೆ ಉಳಿಯುತ್ತದೆ. ಮಂಡಳಿಗೆ ಬರುವ 5,000 ಕೋಟಿ ರಾಜ್ಯದ ಖಜಾನೆಯದು. ಆ ಖಜಾನೆಯನ್ನು ತುಂಬುವಲ್ಲಿ ಬೆಂಗಳೂರಿನ ತೆರಿಗೆಯದೇ ದೊಡ್ಡ ಪಾಲು. ನಮ್ಮ ಜನರ ಬೆವರೂ ಸೇರಿ ಬೆಳೆದ ಊರು ಅದು, ಅದರ ಮೇಲಿನ ಹಕ್ಕನ್ನು ನಾವಾಗಿ ಯಾಕೆ ಬಿಡಬೇಕು? ಜಾರ್ಖಂಡ್ 2000ದಲ್ಲಿ ಬೇರೆಯಾಯಿತು, ಕಲ್ಲಿದ್ದಲು, ಉಕ್ಕು ಎಲ್ಲ ಇದೆ. ತಲಾ ಆದಾಯದಲ್ಲಿ ಇವತ್ತಿಗೂ ದೇಶದ ತಳದ ರಾಜ್ಯಗಳಲ್ಲಿ ಒಂದು.

ಹಿಂದಿನ ಸಾಲಿನಲ್ಲಿದ್ದ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: "ನಾನು ಓದಿ ಬೆಂಗಳೂರಿಗೆ ಹೋದರೆ ತಪ್ಪಾ ಸರ್?"

ಖಂಡಿತ ತಪ್ಪಲ್ಲಮ್ಮ. ಹೋಗು. ಈ ಭಾರವನ್ನು ನಿನ್ನಂಥವರ ಹೆಗಲ ಮೇಲೆ ಹಾಕುವುದು ಅನ್ಯಾಯ. ಇಲ್ಲಿ ನಿನಗೆ ತಕ್ಕ ಕೆಲಸ, ರಾತ್ರಿ ಒಂಬತ್ತಕ್ಕೆ ಮನೆಗೆ ಬರಲು ಬಸ್ಸು ಇಲ್ಲದಿದ್ದರೆ ಅದು ನಿನ್ನ ತಪ್ಪಲ್ಲ, ನಮ್ಮ ತಲೆಮಾರಿನವರು ಉತ್ತರ ಕೊಡಬೇಕಾದ್ದು. ಹೋದ ಮೇಲೂ ನಿನ್ನ ಮತ ಇಲ್ಲಿದ್ದರೆ ಬಂದು ಹಾಕು.

ಕೊನೆಯ ಪ್ರಶ್ನೆ: "ನಾವು ವಿದ್ಯಾರ್ಥಿಗಳು ಈಗಲೇ ಏನು ಮಾಡಬಹುದು?"

ನಿಮಗೆ ಪ್ರಾಜೆಕ್ಟ್ ವಿಷಯ ಬೇಕು ಅಂತ ನಿಮ್ಮ ಮೇಡಂ ಹೇಳಿದರು. ಅರ್ಥಶಾಸ್ತ್ರಜ್ಞ ಎಂ. ಗೋವಿಂದರಾವ್ ಅವರ ನೇತೃತ್ವದಲ್ಲಿ 2024ರಲ್ಲಿ ಸರ್ಕಾರ ಇನ್ನೊಂದು ಸಮಿತಿ ಮಾಡಿತು, ನಂಜುಂಡಪ್ಪ ವರದಿಯ ನಂತರ ಏನಾಯಿತು ಅಂತ ಅಳೆಯಲು. ಅವರದು ರಾಜ್ಯದ ಲೆಕ್ಕ. ನೀವು ನಿಮ್ಮ ತಾಲೂಕಿನದು ನೋಡಿ. ಐದು ವರ್ಷದಲ್ಲಿ ಮಂಡಳಿಯ ಹಣದಲ್ಲಿ ಯಾವ ಊರಿಗೆ ಯಾವ ಕೆಲಸ ಬಂತು, ಅದೇ ಊರಿನ ಪ್ರೌಢಶಾಲೆಯಲ್ಲಿ ಗಣಿತ, ವಿಜ್ಞಾನ, ಇಂಗ್ಲಿಷ್ ಹುದ್ದೆ ಎಷ್ಟು ತಿಂಗಳು ಖಾಲಿ ಇತ್ತು, ಆ ವರ್ಷಗಳ ಎಸ್ಸೆಸ್ಸೆಲ್ಸಿ ಫಲಿತಾಂಶ ಏನು. ಮೂರು ಕಾಲಮ್ಮಿನ ಒಂದು ಪಟ್ಟಿ, ಅಷ್ಟೇ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿ. ಆಳಂದ, ಜೇವರ್ಗಿ, ಚಿಂಚೋಳಿ, ಸುರಪುರ ಅಂತ ತಾಲೂಕು ಹಂಚಿಕೊಳ್ಳಿ. ಪಟ್ಟಿ ಸಿದ್ಧವಾದ ಮೇಲೆ ಮೊದಲು ನಿಮ್ಮ ಊರಿನ ಗ್ರಾಮಸಭೆಯಲ್ಲಿ ಓದಿ, ಆಮೇಲೆ ಶಾಸಕರಿಗೆ ಒಂದು ಪ್ರತಿ ಕೊಡಿ. ನನಗೂ ಒಂದು ಕಳಿಸಿ, ತಪ್ಪಿದ್ದರೆ ಕೂತು ತಿದ್ದೋಣ.